ಮನೆಯೊಳಗೆ ಬಂದ ಬಟ್ಟೆಯ ಹಾವು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಿಂದ ಕಾಸರಗೋಡಿನ ನಮಗೆ ಒದಗಿದ ಪಾಡನ್ನು ಕುರಿತೋ, ಗಡಿನಾಡಿನ ಕನ್ನಡದ ಅಳಿವು ಉಳಿವನ್ನು ಕುರಿತೋ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಮಹನೀಯರು ಇದೇ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಆರಿಸಿಕೊಂಡಿರುವುದು ತೀರ ಸಣ್ಣ ವಿಷಯ. ಮಕ್ಕಳು ಕೊರಳಿಗೆ ಸುತ್ತಿಕೊಂಡು ಆಡುವ, ರಾತ್ರಿ ತಬ್ಬಿಕೊಂಡು ಮಲಗುವ, ಒಳಗೆ ಅರಳೆ ತುಂಬಿದ ಮೆತ್ತನೆಯ ಬಟ್ಟೆಯ ಹಾವನ್ನು ಕುರಿತು ನಾಲ್ಕು ಮಾತು. ಅದು ನಮ್ಮ ಮನೆಗಳಲ್ಲಿ ಇರಬಹುದೇ, ಇರಬಾರದೇ ಎಂಬ ತರ್ಕ ಈಚೆಗೆ ಹಲವು ಮನೆಗಳಲ್ಲಿ ನಡೆಯುತ್ತಿದೆ. ಧಾರಾಳವಾಗಿ ಇರಬಹುದು ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಅದರಿಂದ ನಮ್ಮ ಶಾಲೆಗೆ ಒಂದು ಕೆಲಸವನ್ನೂ ಮಾಡಿಸಿಕೊಳ್ಳಬಹುದು.

ಈ ತರ್ಕ ಹುಟ್ಟುವುದು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ. ನಮ್ಮ ಹಳೆ ವಿದ್ಯಾರ್ಥಿಗಳು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಗಲ್ಫ್ ದೇಶಗಳಿಂದಲೋ ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ. ಮಕ್ಕಳ ಚೀಲದಿಂದ ಆನೆ, ಕರಡಿ, ಮೊಲಗಳ ಜೊತೆಗೆ ಮಾರುದ್ದದ ಹಾವೊಂದು ಹೊರಬೀಳುತ್ತದೆ. ಹಸುರು ಮೈ, ಹಳದಿ ಚುಕ್ಕೆ, ಕೆಂಪು ಬಟ್ಟೆಯ ನಾಲಗೆ, ನಗುವಂತೆ ಹೊಲಿದ ಬಾಯಿ. ಅದು ಕಿಟಕಿಯ ಸರಳಿಗೆ ಸುತ್ತಿಕೊಳ್ಳುತ್ತದೆ, ಚಾವಡಿಯ ಆರಾಮಕುರ್ಚಿಯ ಮೇಲೆ ಮಲಗುತ್ತದೆ, ಊಟದ ಹೊತ್ತಿಗೆ ಮಗುವಿನ ಮಡಿಲಿಗೆ ಬರುತ್ತದೆ. ನಮ್ಮ ಮನೆಗೂ ಮೊಮ್ಮಗಳ ಜೊತೆಯಲ್ಲಿ ಅಂಥದೊಂದು ಬಂದಿತ್ತು. ಮನೆಯ ಹಿರಿಯರಾದ ನನ್ನ ಚಿಕ್ಕಮ್ಮ ಅದನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದು, "ನಾಗನನ್ನು ಹಾಸಿಗೆಯಲ್ಲಿ ಹಾಕುವುದುಂಟೇನೋ ಮಗಾ? ಮಕ್ಕಳಿಗೆ ಆಡಲಿಕ್ಕೆ ಬೇರೆ ಏನೂ ಸಿಗಲಿಲ್ಲವೇ?" ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಊರಿನಲ್ಲಿ ಈ ಮಾತಿಗೆ ಇರುವ ಬೇರು ಆಳವಾದುದು. ಆದರೆ ಅದಕ್ಕೆ ಉತ್ತರವೂ ನಮ್ಮ ಊರಿನಲ್ಲೇ ಇದೆಯೆಂದು ನನಗೆ ತೋರುತ್ತದೆ.

ಮೊದಲು ಈ ಬಟ್ಟೆಯ ಪ್ರಾಣಿಗಳ ಪೂರ್ವೋತ್ತರವನ್ನು ಸ್ವಲ್ಪ ನೋಡೋಣ. ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ ಮಾರ್ಗರೆಟೆ ಸ್ಟೈಫ್ ಎಂಬ ಹೊಲಿಗೆಯ ಹೆಂಗಸಿದ್ದರು. ಎಳವೆಯಲ್ಲೇ ಪೋಲಿಯೋ ತಗಲಿ ನಡೆಯಲಾರದೆ ಗಾಲಿಕುರ್ಚಿಯಲ್ಲಿಯೇ ಬಾಳಿದವರು. ಅವರು 1880ರಲ್ಲಿ ಸೂಜಿ ಚುಚ್ಚಿಡುವುದಕ್ಕೆಂದು ಪುಟ್ಟದೊಂದು ಬಟ್ಟೆಯ ಆನೆಯನ್ನು ಹೊಲಿದರು. ದೊಡ್ಡವರ ಹೊಲಿಗೆಪೆಟ್ಟಿಗೆಯ ಆ ಸಾಮಾನನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡರು. ಅಲ್ಲಿಂದ ಒಂದು ಉದ್ಯಮವೇ ಬೆಳೆಯಿತು. 1902ರಲ್ಲಿ ಅವರ ಸೋದರಳಿಯ ರಿಚರ್ಡ್ ಸ್ಟೈಫ್ ಕೈಕಾಲು ಆಡಿಸಬಲ್ಲ ಕರಡಿಯನ್ನು ರೂಪಿಸಿದರು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಬೇಟೆಯಲ್ಲಿ ಕಟ್ಟಿಹಾಕಿದ ಕರಡಿಯನ್ನು ಕೊಲ್ಲಲೊಲ್ಲದೆ ಹೋದ ಸುದ್ದಿ ವ್ಯಂಗ್ಯಚಿತ್ರವಾಗಿ ಪ್ರಕಟವಾಗಿ, ಬ್ರೂಕ್ಲಿನ್ನಿನ ಅಂಗಡಿಯೊಂದರ ಬಟ್ಟೆಯ ಕರಡಿಗೆ ಅವರ ಮುದ್ದಿನ ಹೆಸರು ಬಂತು. ಇಂದು ಯಾವ ಪ್ರಾಣಿಯ ಬೊಂಬೆಯಾದರೂ ನಮ್ಮ ಮಕ್ಕಳು 'ಟೆಡ್ಡಿ' ಎಂದೇ ಕರೆಯುತ್ತಾರಲ್ಲ, ಅದು ಈ ಹೆಸರೇ.

ಇಲ್ಲಿ ಒಂದು ಮಾತನ್ನು ಕೇಳಬೇಕೆನಿಸುತ್ತದೆ. ಕರಡಿಯೇನು ಸಾಧುಪ್ರಾಣಿಯೇ? ಕಾಡಂಚಿನ ಊರುಗಳಲ್ಲಿ ಅದರ ಉಗುರಿಗೆ ಸಿಕ್ಕಿ ಮುಖ ಕಳೆದುಕೊಂಡವರಿದ್ದಾರೆ. ಹುಲಿ, ಸಿಂಹಗಳ ಮಾತಂತೂ ಹೇಳಬೇಕಾಗಿಲ್ಲ. ಅವುಗಳ ಬೊಂಬೆಗಳನ್ನು ತೊಟ್ಟಿಲಿನಲ್ಲಿಡಲು ನಮ್ಮಲ್ಲಿ ಯಾರೂ ಅಡ್ಡಿ ಹೇಳಿದ್ದಿಲ್ಲ. ಹಾವಿಗೆ ಮಾತ್ರ ಈ ತಡೆ. ಕಾರಣ ಸ್ಪಷ್ಟ. ಹುಲಿ, ಕರಡಿಗಳು ನಮ್ಮ ಅಂಗಳಕ್ಕೆ ಬರುವುದಿಲ್ಲ, ಹಾವು ಬರುತ್ತದೆ. ಹುಲಿಗೆ ನಾವು ಬನ ಕಟ್ಟಿ ತನು ಎರೆಯುವುದಿಲ್ಲ, ನಾಗನಿಗೆ ಎರೆಯುತ್ತೇವೆ. ನಮ್ಮ ಪಾಲಿಗೆ ಹಾವು ಒಂದೇ ಕಾಲಕ್ಕೆ ದೈವವೂ ಹೌದು, ಅಪಾಯವೂ ಹೌದು. ಇವೆರಡರ ನಡುವೆ ಆಟಕ್ಕೆ ಎಡೆಯೆಲ್ಲಿ ಎಂಬುದು ಹಿರಿಯರ ಪ್ರಶ್ನೆ.

ಆ ಎಡೆ ಮೊದಲಿನಿಂದಲೂ ಇತ್ತು. ನಮ್ಮ ಬಾಲ್ಯವನ್ನು ನೆನಪಿಸಿಕೊಳ್ಳೋಣ. ತೆಂಗಿನ ಎಳೆಯ ಮಡಲಿನಿಂದ ಗರಿಗಳನ್ನು ಕಿತ್ತು ಕಡ್ಡಿ ತೆಗೆದು, ಎರಡು ಗರಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಮಡಚುತ್ತ ಹೋದರೆ ಜಗ್ಗಿದಂತೆ ಹಿಗ್ಗುವ, ಬಿಟ್ಟಂತೆ ಕುಗ್ಗುವ ಹಾವು ಸಿದ್ಧವಾಗುತ್ತಿತ್ತು. ಪೀಪಿ, ಕೈಗಡಿಯಾರ, ಕನ್ನಡಕ, ಚೆಂಡು ಇವುಗಳ ಸಾಲಿನಲ್ಲಿ ಓಲೆಯ ಹಾವಿಗೂ ಸ್ಥಾನವಿತ್ತು. ಅದನ್ನು ಮೆಲ್ಲನೆ ಹಿಂದಿನಿಂದ ಹೋಗಿ ಅಕ್ಕನ ಹೆಗಲ ಮೇಲೆ ಹಾಕುವುದು, ಅವಳು ಕಿರಿಚುವುದು, ಆಮೇಲೆ ಎಲ್ಲರೂ ನಗುವುದು, ಇದು ಯಾವ ಮನೆಯಲ್ಲಿ ನಡೆಯಲಿಲ್ಲ? ನಮ್ಮ ಮಲಯಾಳಿ ನೆರೆಯವರಲ್ಲಿ ಇದೊಂದು ನುಡಿಗಟ್ಟೇ ಆಗಿಹೋಗಿದೆ. ಸುಮ್ಮನೆ ಬೆದರಿಸಲು ಬಂದವನಿಗೆ 'ಓಲಪ್ಪಾಂಬು ತೋರಿಸಿ ಹೆದರಿಸಬೇಡ' ಎನ್ನುತ್ತಾರೆ. ಓಲೆಯ ಹಾವು ಮನೆಮನೆಯ ಆಟಿಕೆಯಾಗಿರದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

ಇದಲ್ಲದೆ ಕುಂಬಳೆಯ ಬೆಡಿಗೆ ಹೋದಾಗ ಸಂತೆಯಲ್ಲಿ ಮರದ ಸಣ್ಣ ತುಂಡುಗಳನ್ನು ಪೋಣಿಸಿ ಮಾಡಿದ ಹಾವು ಸಿಗುತ್ತಿತ್ತು. ಬಾಲವನ್ನು ಹಿಡಿದರೆ ಅತ್ತಿತ್ತ ಬಳುಕುವಂಥದು. ಕೊಳ್ಳಲು ನಮ್ಮಲ್ಲಿ ಹಣವಿರುತ್ತಿರಲಿಲ್ಲ. ಅಂಗಡಿಯವನು ಕಣ್ಣುಬಿಟ್ಟು ಗದರಿಸುವ ತನಕ ಕೈಯಲ್ಲಿ ಹಿಡಿದು ಬಳುಕಿಸಿ ನೋಡುವ ಸುಖ ಮಾತ್ರ ನಮ್ಮದು. ಇನ್ನು ಹಾವು ಏಣಿಯಾಟವನ್ನು ಮರೆಯುವಂತಿಲ್ಲ. ಪರಮಪದ ಸೋಪಾನ ಪಟವೆಂದು ನಮ್ಮ ಹಿರಿಯರು ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುತ್ತಿದ್ದ ಆಟವದು. ಅದರಲ್ಲಿ ಹಾವುಗಳು ಮನುಷ್ಯನ ದುರ್ಗುಣಗಳಿಗೆ ಸಂಕೇತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಆಟ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಬೇರೆ ಬಣ್ಣ ಬಳಿದುಕೊಂಡು ಮರಳಿ ನಮ್ಮ ಪೇಟೆಗೇ ಬಂತು. ಹಾವಿನ ಬಾಯಿಗೆ ಬಿದ್ದು ಬಾಲದಲ್ಲಿ ಇಳಿಯುವುದನ್ನು ಏಕಾದಶಿಯ ರಾತ್ರಿಯೇ ಆಡಬಹುದಾದರೆ, ಹಾವಿನ ರೂಪ ಆಟಕ್ಕೆ ವರ್ಜ್ಯವೆಂದು ಹೇಳುವುದು ಹೇಗೆ?

ಶಾಲೆಯ ಮಾತಿಗೆ ಬಂದರೆ, ನಮ್ಮ ಶಾಲಾ ವಾರ್ಷಿಕೋತ್ಸವದ ಛದ್ಮವೇಷದಲ್ಲಿ ಶಿವ ಬಾರದ ವರ್ಷವಿಲ್ಲ. (ಕೇರಳದ ಕಲೋತ್ಸವದ ಪಟ್ಟಿಯಲ್ಲಿ ಅದು 'ಪ್ರಚ್ಛನ್ನವೇಷ'ವಾಗಿ, ನಮ್ಮ ಮಕ್ಕಳ ನಾಲಗೆ ಅಲ್ಲಿ ತಡವರಿಸುವುದನ್ನು ಕೇಳಿದವರಿಗೆ ಗೊತ್ತು.) ಶಿವನಿಗೆ ಕೊರಳಲ್ಲಿ ಹಾವು ಬೇಕು. ತಾಯಂದಿರು ಹಳೆಯ ಸೀರೆಯ ಅಂಚನ್ನು ಕೊಳವೆಯಂತೆ ಹೊಲಿದು, ಬೂರುಗದ ಹತ್ತಿಯನ್ನೋ ಚಿಂದಿಯನ್ನೋ ತುಂಬಿ, ಎರಡು ಗುಂಡಿಗಳನ್ನು ಕಣ್ಣೆಂದು ಹೊಲಿದು ಕಳುಹಿಸುತ್ತಿದ್ದರು. ವೇದಿಕೆಯ ಮೇಲೆ ಶಿವನ ಹಾವು ಜಾರಿ ಬಿದ್ದು, ಶಿವನೇ ಬಾಗಿ ಅದನ್ನೆತ್ತಿ ಕೊರಳಿಗೆ ಹಾಕಿಕೊಂಡು ಮತ್ತೆ ಗಂಭೀರನಾಗಿ ನಿಂತ ದೃಶ್ಯವನ್ನು ಕಂಡು ನಾವು ಅಧ್ಯಾಪಕರೂ ನಗು ತಡೆಯಲಾರದೆ ಹೋಗಿದ್ದೇವೆ. ಆ ಹಾವು ಏನು? ಇಂದು ಪೇಟೆಯಿಂದ ಬರುವ ಮೆತ್ತನೆಯ ಹಾವಿಗೆ ಅಕ್ಕನಲ್ಲವೇ? ಆಗ ಯಾರೂ ನಾಗದೋಷದ ಮಾತೆತ್ತಲಿಲ್ಲ.

ಆದರೂ ದೋಷದ ಮಾತನ್ನು ನೇರವಾಗಿಯೇ ಎದುರಿಸಬೇಕು. ತುಳುನಾಡಿನ ಮನೆತನಗಳಿಗೆ ಮೂಲಸ್ಥಾನದ ನಾಗಬನ ಎಂಬುದು ಬರಿಯ ಮರಗಳ ಗುಂಪಲ್ಲ. ನಾಗರ ಪಂಚಮಿಯಂದು ಎಲ್ಲೆಲ್ಲಿದ್ದರೂ ಬಂದು ತನು ತಂಬಿಲ ಸಲ್ಲಿಸುವವರಿದ್ದಾರೆ. ಸತ್ತ ನಾಗರಹಾವನ್ನು ಕಂಡರೆ ಮನುಷ್ಯನಿಗೆ ಮಾಡುವಂತೆಯೇ ಸಂಸ್ಕಾರ ಮಾಡುವ ನಾಡು ನಮ್ಮದು. ಈ ಭಾವನೆಯಿಂದಾಗಿಯೇ ಎಷ್ಟೋ ಬನಗಳು, ಅವುಗಳೊಳಗಿನ ಹಳೆಯ ಮರಗಳು ಕೊಡಲಿಗೆ ಸಿಗದೆ ಉಳಿದಿವೆ. ಅಂತಹ ಭಾವನೆಯನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಬುದ್ಧಿವಂತರ ಪಂಕ್ತಿಯಲ್ಲಿ ನಾನಿಲ್ಲ. ಆದರೆ ಅದೇ ಸಂಪ್ರದಾಯ ಏನು ಹೇಳುತ್ತದೆಂಬುದನ್ನು ಪೂರ್ತಿಯಾಗಿ ನೋಡಬೇಕು. ಶಿಲ್ಪಿ ನಾಗನ ಕಲ್ಲನ್ನು ಕೆತ್ತುವಾಗ ಅದರ ಮೇಲೆ ಕಾಲಿಟ್ಟೇ ಕೆತ್ತುತ್ತಾನೆ. ಪ್ರತಿಷ್ಠೆಯಾಗುವ ತನಕ ಅದು ಕಲ್ಲು. ನಾಗಮಂಡಲದಲ್ಲಿ ಪಂಚವರ್ಣದ ಹುಡಿಗಳಿಂದ ನೆಲದ ಮೇಲೆ ಬರೆಯುವ ಅಷ್ಟು ದೊಡ್ಡ ಸರ್ಪಾಕೃತಿಯನ್ನು ಸೇವೆ ಮುಗಿದ ಮೇಲೆ ಅಳಿಸಿ, ಅದೇ ಹುಡಿಯನ್ನು ಪ್ರಸಾದವಾಗಿ ಹಂಚುತ್ತಾರೆ. ತೆಂಕಣ ಕೇರಳದ ಪುಳ್ಳುವರು ಬರೆಯುವ ಸರ್ಪದ ಕಳವೂ ಕುಣಿತದಲ್ಲೇ ಅಳಿಯುತ್ತದೆ. ಎಂದರೆ ಆಕೃತಿಯೇ ದೇವರಲ್ಲ. ಆವಾಹನೆ ಇದ್ದಷ್ಟು ಹೊತ್ತು ಅಲ್ಲಿ ದೇವರು. ಮಗುವಿನ ಹಾಸಿಗೆಯ ಹಾವಿಗೆ ಯಾರು ಪ್ರಾಣಪ್ರತಿಷ್ಠೆ ಮಾಡಿದ್ದಾರೆ? ಮಾಡಿದ್ದರೆ ಆ ಮಗುವೇ ಮಾಡಿರಬೇಕು, ಅದೂ ಆಟದ ಮಟ್ಟಿಗೆ.

ಇನ್ನೊಂದು ಮಾತನ್ನು ಸಲುಗೆಯಿಂದ ಹೇಳುತ್ತೇನೆ. ಹಾವನ್ನು ಮೆತ್ತೆ ಮಾಡಿಕೊಂಡ ಮೊದಲಿಗರು ನಮ್ಮ ದೇವರುಗಳೇ. ಶೇಷನ ಮೇಲೆ ವಿಷ್ಣು ಪವಡಿಸಿದ್ದಾನೆ. ನಮ್ಮ ಕುಂಬಳೆ ಸಮೀಪದ ಅನಂತಪುರದ ಸರೋವರ ಕ್ಷೇತ್ರದಲ್ಲಿ ಅದೇ ಅನಂತನ ಮೇಲೆ ಆತ ಕುಳಿತಿದ್ದಾನೆ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಅಲ್ಲಿನ ಮೊಸಳೆ ಬಬಿಯಾನನ್ನು ನೋಡಲು ನಮ್ಮ ಮಕ್ಕಳು ಹೋಗುತ್ತಿದ್ದಾಗ ಭಯಕ್ಕಿಂತ ಪ್ರೀತಿಯೇ ಹೆಚ್ಚಾಗಿತ್ತಲ್ಲವೇ? ಶಿವನು ಹಾವನ್ನು ತೊಟ್ಟಿದ್ದಾನೆ. ಗಣಪತಿ ಹೊಟ್ಟೆಗೆ ಬಿಗಿದುಕೊಂಡಿದ್ದಾನೆ. ಭಯವನ್ನು ಹತ್ತಿರ ಕರೆದು ಕೊರಳಿಗೆ ಹಾಕಿಕೊಳ್ಳುವುದು ನಮ್ಮ ಪುರಾಣಕ್ಕೆ ಹೊಸತಲ್ಲ.

ಅಷ್ಟಾಗಿಯೂ ಹಿರಿಯರ ಮನಸ್ಸಿಗೆ ನೋವಾಗುವುದಿದ್ದರೆ ಒಂದು ಮರ್ಯಾದೆಯನ್ನು ಪಾಲಿಸಬಹುದು. ಹೆಡೆ ಬಿಚ್ಚಿದ, ಐದು ತಲೆಯ ಆಕಾರದ ಬೊಂಬೆಯನ್ನು ಕೊಳ್ಳದಿರುವುದು. ಹಳತಾಗಿ ಹರಿದದ್ದನ್ನು ಕಸದ ರಾಶಿಗೋ ಬೆಂಕಿಗೋ ಎಸೆಯದಿರುವುದು. ಎರಡನೆಯದನ್ನು ನಾನು ದೋಷದ ಭಯದಿಂದ ಹೇಳುತ್ತಿಲ್ಲ. ಈ ಬೊಂಬೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರಿನ ನೂಲಿನವು, ಒಳಗೆ ತುಂಬಿದ ಅರಳೆಯೂ ಅದೇ. ಸುಟ್ಟರೆ ಕೆಟ್ಟ ಹೊಗೆ ಕಾರುತ್ತದೆ, ಹೂತರೆ ಕರಗುವುದಿಲ್ಲ. ಬಿಚ್ಚಿ ಒಳಗಿನದನ್ನು ತಲೆದಿಂಬಿಗೆ ತುಂಬಿದರೆ ಹಿರಿಯರಿಗೂ ಸಮಾಧಾನ, ನೆಲಕ್ಕೂ ಕ್ಷೇಮ.

ಎರಡನೆಯ ಆಕ್ಷೇಪ, ಮನೆಯ ವೃದ್ಧರು ಕತ್ತಲಲ್ಲಿ ಕಂಡು ಬೆಚ್ಚಿಬೀಳುತ್ತಾರೆಂಬುದು. ಇದು ನ್ಯಾಯವಾದ ಮಾತು. ಮಂದ ಬೆಳಕಿನಲ್ಲಿ ಹಗ್ಗವನ್ನೇ ಹಾವೆಂದು ಬಗೆಯುವ ದೃಷ್ಟಾಂತದಿಂದ ಶಂಕರಾಚಾರ್ಯರ ವೇದಾಂತವನ್ನು ಬೋಧಿಸುತ್ತ ಬಂದ ನಾಡಿನಲ್ಲಿ ಹಾವನ್ನೇ ಹೋಲುವ ವಸ್ತುವನ್ನು ಬಚ್ಚಲಿನ ದಾರಿಯಲ್ಲಿ ಬಿಟ್ಟರೆ ಗತಿಯೇನು? ದೀಪ ಆರಿಸುವ ಮೊದಲು ಅದು ಪೆಟ್ಟಿಗೆಗೆ ಸೇರಬೇಕು, ಇಲ್ಲವೇ ಮಗುವಿನ ಹಾಸಿಗೆಯಲ್ಲಿಯೇ ಇರಬೇಕು. ಅಷ್ಟು ಸಾಕು. ಚಳಿದೇಶಗಳಲ್ಲಿ ಮರಳನ್ನೋ ಧಾನ್ಯವನ್ನೋ ತುಂಬಿದ ಬಟ್ಟೆಯ ಹಾವನ್ನು ಬಾಗಿಲಿನ ಅಡಿಗೆ ಒತ್ತಿ ಇಡುವ ರೂಢಿಯಿದೆ. ಸಂದಿಯಿಂದ ಶೀತಗಾಳಿ ನುಗ್ಗದಿರಲೆಂದು. ಮಕ್ಕಳ ಆಟಿಕೆಯೂ ಅಲ್ಲ, ಬರಿಯ ಬಟ್ಟೆಯ ಸುರುಳಿಯೂ ಅಲ್ಲ, ಎರಡರ ನಡುವಿನ ಒಂದು ತಮಾಷೆಯ ಮನೆಸಾಮಾನು. ನಮ್ಮಲ್ಲಿ ಬಾಗಿಲಿನ ಅಡಿಯ ಸಂದಿಯಿಂದ ಬರುವುದು ಗಾಳಿಗಿಂತ ಹೆಚ್ಚಾಗಿ ಹುಳುಹುಪ್ಪಟೆ, ಒಮ್ಮೊಮ್ಮೆ ನಿಜವಾದ ಹಾವೇ. ಆ ಸಂದಿಯನ್ನು ಮುಚ್ಚಿಡಬೇಕೆಂದು ತಿಳಿದವರು ಹೇಳುತ್ತಲೇ ಇದ್ದಾರೆ. ಭಾರವಾದ ಬಟ್ಟೆಯ ಸುರುಳಿಯೊಂದು ಅದಕ್ಕೆ ಒದಗೀತು. ಅದಕ್ಕೆ ಹಾವಿನ ರೂಪ ಕೊಡಬೇಕೇ ಎಂಬುದನ್ನು ಮಾತ್ರ ಆಯಾ ಮನೆಯ ಅಜ್ಜಿಯರ ತೀರ್ಮಾನಕ್ಕೆ ಬಿಡುತ್ತೇನೆ.

ಮೂರನೆಯ ಆಕ್ಷೇಪವೇ ನಿಜವಾಗಿ ತೂಕದ್ದು. ಬಟ್ಟೆಯ ಹಾವನ್ನು ತಬ್ಬಿಕೊಂಡು ಬೆಳೆದ ಮಗು ನಾಳೆ ಅಡಿಕೆ ತೋಟದ ಸೋಗೆಯ ಅಡಿಯಲ್ಲಿ ಕಂಡ ಹಾವಿಗೂ ಕೈ ಚಾಚಿದರೆ? ಇದನ್ನು ಕೇಳಿದವರು ಮೂಢರಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. 2019ರಲ್ಲಿ ವಯನಾಡಿನ ಶಾಲೆಯೊಂದರಲ್ಲಿ ತರಗತಿಯ ಕೋಣೆಯೊಳಗೇ ಹಾವು ಕಚ್ಚಿ ಮಗುವೊಂದು ತೀರಿಕೊಂಡ ಸುದ್ದಿಯನ್ನು ಓದಿದ ದಿನ ಕೇರಳದ ಯಾವ ಅಧ್ಯಾಪಕನಿಗೂ ಅನ್ನ ಇಳಿದಿರಲಾರದು. ಹಾಗಿರುವಾಗ ಹಾವನ್ನು ಮುದ್ದಿನ ವಸ್ತುವಾಗಿಸುವುದು ಹೊಣೆಗೇಡಿತನವಲ್ಲವೇ?

ಅಲ್ಲ ಎನ್ನುವುದಕ್ಕೆ ನನ್ನಲ್ಲಿರುವ ಕಾರಣ ಇದು. ಮಗು ಹಾವಿನ ಭಯವನ್ನು ಹಾವಿನಿಂದ ಕಲಿಯುವುದಿಲ್ಲ. ನಮ್ಮ ಮುಖದಿಂದ, ನಮ್ಮ ದನಿಯಿಂದ ಕಲಿಯುತ್ತದೆ. ಅಮೆರಿಕದಲ್ಲಿ ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಮಂಗಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಪ್ರಯೋಗಾಲಯದಲ್ಲಿ ಹುಟ್ಟಿ ಬೆಳೆದ ಮಂಗಗಳಿಗೆ ಹಾವಿನ ಭಯವಿರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗ ಹಾವನ್ನು ಕಂಡು ಬೆದರುವುದನ್ನು ನೋಡಿದ ಮೇಲೆ ಇವೂ ಬೇಗನೆ ಬೆದರತೊಡಗಿದವು. ಅನಂತರ ಅವರು ಚಿತ್ರಸುರುಳಿಯನ್ನು ಜಾಣತನದಿಂದ ಜೋಡಿಸಿ, ಮಂಗವೊಂದು ಹೂವನ್ನು ಕಂಡು ಹೆದರಿದಂತೆಯೂ ಆಟಿಕೆಯ ಹಾವನ್ನು ಕಂಡು ಹೆದರಿದಂತೆಯೂ ತೋರಿಸಿದರು. ನೋಡಿದ ಮಂಗಗಳು ಆಟಿಕೆಯ ಹಾವಿಗೆ ಹೆದರಲು ಕಲಿತವು. ಹೂವಿಗೆ ಹೆದರಲು ಕಲಿಯಲಿಲ್ಲ. 1989ರಲ್ಲಿ ಪ್ರಕಟವಾದ ಈ ಪ್ರಯೋಗದ ಸಾಮಗ್ರಿ ನಮ್ಮ ಇಂದಿನ ಚರ್ಚೆಯ ವಸ್ತುವೇ ಆಗಿರುವುದು ನನಗೆ ಮೋಜೆನಿಸಿತು. ಮನುಷ್ಯರ ಕೂಸುಗಳ ವಿಷಯದಲ್ಲಿ 2009ರಲ್ಲಿ ಜೂಡಿ ಡಿಲೋಚ್ ಮತ್ತು ವನೆಸ್ಸಾ ಲೋಬ್ಯೂ ಕಂಡುಕೊಂಡದ್ದೂ ಇದನ್ನೇ ಹೋಲುತ್ತದೆ. ಹಾವಿನ ಚಲನಚಿತ್ರವನ್ನು ನೋಡಿ ಆ ಹಸುಗೂಸುಗಳು ಹೆದರಲಿಲ್ಲ. ಆದರೆ ಹೆದರಿದ ದನಿಯೊಂದನ್ನು ಕೇಳಿಸಿದಾಗ ಉಳಿದ ಪ್ರಾಣಿಗಳ ಚಿತ್ರವನ್ನು ಬಿಟ್ಟು ಹಾವಿನ ಚಿತ್ರವನ್ನೇ ಹೆಚ್ಚು ಹೊತ್ತು ದಿಟ್ಟಿಸಿದವು.

ಎಂದ ಮೇಲೆ ಹಾವಿನ ಪಾಠಕ್ಕೆ ಮಗುವಿನ ಮನಸ್ಸು ಹದವಾಗಿಯೇ ಕಾದಿರುತ್ತದೆ; ಪಾಠ ಯಾವುದೆಂಬುದನ್ನು ಮಾತ್ರ ನಾವು ನಿರ್ಧರಿಸುತ್ತೇವೆ. ಕಿರಿಚಿ ಓಡಿದರೆ ಮಗು ಕಿರಿಚಿ ಓಡುವುದನ್ನು ಕಲಿಯುತ್ತದೆ. ದೊಣ್ಣೆಯೆತ್ತಿದರೆ ದೊಣ್ಣೆಯನ್ನು ಕಲಿಯುತ್ತದೆ. ನಿಜವಾದ ಹಾವು ಎದುರಿಗೆ ಬಂದಾಗ ಇವೆರಡೂ ಕೆಟ್ಟ ಪಾಠಗಳೇ. ಅಲುಗಾಡದೆ ನಿಂತು, ಮೆಲ್ಲನೆ ಹಿಂದೆ ಸರಿದು, ದೊಡ್ಡವರನ್ನು ಕರೆಯುವುದು ಒಳ್ಳೆಯ ಪಾಠ. ಅದನ್ನು ಕಲಿಸಲು ನಿಜವಾದ ಹಾವನ್ನು ತರಲಾದೀತೇ? ಬಟ್ಟೆಯ ಹಾವು ಅದಕ್ಕೆ ಹೇಳಿಮಾಡಿಸಿದಂತಿದೆ. ಅದನ್ನು ಮೆಟ್ಟಿಲಿನ ಮೇಲೆ ಹಗಲಿನಲ್ಲಿಟ್ಟು, "ಇದು ತೋಟದಲ್ಲಿ ಸಿಕ್ಕಿದ್ದರೆ ಏನು ಮಾಡುತ್ತೀಯೆ ಮಗಾ?" ಎಂದು ಕೇಳಿ ಆಡಿಸಬಹುದು. ಮೊಮ್ಮಗಳೊಡನೆ ನಾನು ಇದನ್ನು ಆಡಿದ್ದೇನೆ. ಒಂದು ವಾರದಲ್ಲಿ ಅವಳು ನನಗೇ ಪಾಠ ಹೇಳುವಷ್ಟಾದಳು. ಹಿಂದೆ ಸರಿಯುವಾಗ ನಾನು ತುಂಬಾ ಸದ್ದು ಮಾಡುತ್ತೇನಂತೆ! ತಾನು ತಬ್ಬಿಕೊಳ್ಳುವುದು ಬಟ್ಟೆಯನ್ನು ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನು ಹಾವೆಂದು ನಡೆಸಿಕೊಳ್ಳುವುದೇ ಆಟ. ತೀರ ಎಳೆಯ ಮಕ್ಕಳಿಗೆ ಈ ವ್ಯತ್ಯಾಸ ಮಸುಕಾಗಿರುವುದು ಹೌದು. ಅವರನ್ನು ಬಟ್ಟೆಯ ಹಾವು ಇದ್ದರೂ ಇಲ್ಲದಿದ್ದರೂ ತೋಟಕ್ಕೆ ಒಂಟಿಯಾಗಿ ಬಿಡುವಂತಿಲ್ಲ.

ಪಾಠದ ಮಾತು ಬಂದುದರಿಂದ ನನ್ನ ಮುಖ್ಯ ಆಗ್ರಹಕ್ಕೆ ಬರುತ್ತೇನೆ. ಪೇಟೆಯಿಂದ ಬಂದ ಈ ಹಾವಿಗೆ ಹೆಸರಿಲ್ಲ. ಇದ್ದರೆ ಅದು ಇಂಗ್ಲಿಷಿನ ಮುದ್ದು ಹೆಸರು. ಅದರ ಬಣ್ಣ ಯಾವ ಕಾಡಿನ ಯಾವ ಹಾವಿನದೂ ಅಲ್ಲ. ಇನ್ನು ಚಲನಚಿತ್ರದಿಂದ ಬಂದ ಬೊಂಬೆಯಾದರೆ ಅದು 'ಕಾ' ಎಂಬ ಹೆಬ್ಬಾವು. 1894ರ ತಮ್ಮ 'ಜಂಗಲ್ ಬುಕ್'ನಲ್ಲಿ ಕಿಪ್ಲಿಂಗ್ ಅದನ್ನು ಮೌಗ್ಲಿಯ ಹಿರಿಯ ಮಿತ್ರನನ್ನಾಗಿ ಚಿತ್ರಿಸಿದ್ದರು. 1967ರ ಡಿಸ್ನಿ ಚಿತ್ರ ಅದನ್ನು ಕಣ್ಣು ತಿರುಗಿಸಿ ಮರುಳುಮಾಡುವ ಖಳನನ್ನಾಗಿಸಿತು. ನಮ್ಮ ಮಕ್ಕಳಿಗೆ ಗೊತ್ತಿರುವುದು ಎರಡನೆಯದೇ. ಹೀಗೆ ಮನೆಯೊಳಗೆ ಹಾವು ಬಂದರೂ ನಮ್ಮ ಹಾವುಗಳ ಪರಿಚಯ ಮಕ್ಕಳಿಗೆ ಆಗುತ್ತಿಲ್ಲ. ಕೇರೆ, ತೋಳಹಾವು, ನೀರುಹಾವು, ಹಸಿರುಹಾವು, ಇರುತಲೆ ಹಾವು, ಕಟ್ಟು ಹಾವು, ಕೊಳಕುಮಂಡಲ ಈ ಹೆಸರುಗಳನ್ನು ಕೇಳಿದರೆ ನಮ್ಮ ಐದನೆಯ ತರಗತಿಯ ಮಕ್ಕಳಲ್ಲಿ ಎಷ್ಟು ಮಂದಿ ಗುರುತು ಹೇಳಿಯಾರು? ಎಲ್ಲವೂ ಅವರಿಗೆ 'ಸ್ನೇಕ್', ಇಲ್ಲವೇ 'ಪಾಂಬು'. ಪಾಂಬು ಎಂದರೆ ನನಗೆ ಸಿಟ್ಟಿಲ್ಲ. ನಮ್ಮ ಹಳಗನ್ನಡದ 'ಪಾವು' ಅದರ ಒಡಹುಟ್ಟೇ. ಪಕಾರ ಹಕಾರವಾಗಿ ನಮ್ಮಲ್ಲಿ ಹಾವಾಯಿತು, ಅವರಲ್ಲಿ ಹಾಗೆಯೇ ಉಳಿಯಿತು. ತುಳುವಿನವರಿಗೆ ಅದು 'ಉಚ್ಚು'. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಮೂರು ನುಡಿಗಳಲ್ಲಿ ಹಾವನ್ನು ಕರೆಯಬಲ್ಲ ಮಗುವಿಗೆ ಮೂರರಲ್ಲಿ ಒಂದರಲ್ಲೂ ಹಾವಿನ ಜಾತಿ ತಿಳಿಯದಿರುವುದು ನನಗೆ ಬೇಸರದ ಸಂಗತಿ.

ಹೆಸರು ತಿಳಿಯುವುದು ಬರಿಯ ಭಾಷಾಭಿಮಾನದ ಮಾತಲ್ಲ, ಜೀವದ ಮಾತು. ರಾತ್ರಿ ಹೊತ್ತು ಹಾವೆನ್ನದೆ 'ಹುಳ' ಎನ್ನುವ, ಕಚ್ಚಿತೆನ್ನದೆ 'ಮುಟ್ಟಿತು' ಎನ್ನುವ ರೂಢಿ ನಮ್ಮ ಹಿರಿಯರಲ್ಲಿತ್ತು. ಅದರ ಹಿಂದಿನ ಭಯಭಕ್ತಿ ನನಗೆ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಯ ಬಾಗಿಲಿನಲ್ಲಿ 'ಹುಳ ಮುಟ್ಟಿತು' ಎಂದರೆ ವೈದ್ಯರು ಏನು ತಿಳಿಯಬೇಕು? ಕಟ್ಟು ಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವು, ಬಾವು ಅಷ್ಟಾಗಿ ಇರದ ಕಾರಣ ಮನೆಯವರು ಬೆಳಗಿನ ತನಕ ಕಾಯುತ್ತಾರೆ, ಆ ಹೊತ್ತಿಗೆ ಉಸಿರಾಟವೇ ಸೋಲುತ್ತಿರುತ್ತದೆ. ನಮ್ಮಲ್ಲಿ ದೊರಕುವ ಪ್ರತಿವಿಷ ಔಷಧ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದೇ ತಯಾರಾದುದು. ಘಟ್ಟದ ಬುಡದ ತೋಟಗಳಲ್ಲಿರುವ, ಮೂಗಿನ ತುದಿ ಮೇಲಕ್ಕೆದ್ದ ಸಣ್ಣ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಆದುದರಿಂದ ಕಚ್ಚಿದ್ದು ಹೇಗಿತ್ತೆಂದು ಹೇಳಬಲ್ಲ ಮಗು ಮನೆಯಲ್ಲಿದ್ದರೆ ವೈದ್ಯರಿಗೆ ಅನುಕೂಲ. ಹಾಗೆಂದು ಹಾವನ್ನು ಹುಡುಕುತ್ತ, ಹಿಡಿಯುತ್ತ ಹೊತ್ತು ಕಳೆಯಬಾರದು. ಬಿಗಿದು ಕಟ್ಟದೆ, ಕೊಯ್ಯದೆ, ಚೀಪದೆ, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಮನೆಗೆ ಬಂದ ಹಾವನ್ನು ಸಾಗಿಸಲು ಕೇರಳದ ಅರಣ್ಯ ಇಲಾಖೆ 2020ರಲ್ಲಿ 'ಸರ್ಪ' ಎಂಬ ಮೊಬೈಲ್ ವ್ಯವಸ್ಥೆಯನ್ನು ಆರಂಭಿಸಿತು. ಕೇಂದ್ರ ಸರಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸಬೇಕೆಂದು 2024ರಲ್ಲಿ ಕಾರ್ಯಯೋಜನೆಯನ್ನು ಪ್ರಕಟಿಸಿತು. ಇವೆಲ್ಲ ಸರಕಾರದ ಕೆಲಸವಾಯಿತು. ನಮ್ಮ ಶಾಲೆಯ ಕೈಯಲ್ಲಾಗುವ ಕೆಲಸ ಬೇರೊಂದಿದೆ.

ಹೊಲಿಯಲು ಹಾವಿನಷ್ಟು ಸುಲಭದ ಬೊಂಬೆ ಬೇರೊಂದಿಲ್ಲ. ಕೈಯಿಲ್ಲ, ಕಾಲಿಲ್ಲ, ಕಿವಿಯಿಲ್ಲ, ಒಂದೇ ಕೊಳವೆ. ವೃತ್ತಿಪರಿಚಯ ಮೇಳಕ್ಕೆ ನಮ್ಮ ಮಕ್ಕಳು ಬಟ್ಟೆಯ ಬೊಂಬೆಗಳನ್ನು ತಯಾರಿಸಿಕೊಂಡು ಹೋಗುತ್ತಾರೆ. ವರ್ಷವೂ ಅದೇ ಮೊಲ, ಅದೇ ಕರಡಿ. ಅದರ ಬದಲು ನಮ್ಮ ಊರಿನ ಹತ್ತು ಹಾವುಗಳನ್ನು ಅವುಗಳ ನಿಜವಾದ ಬಣ್ಣ, ಪಟ್ಟೆ, ಚುಕ್ಕೆಗಳೊಡನೆ ಹೊಲಿಯಲಿ. ಹೊಟ್ಟೆಯ ಬದಿಗೆ ಕನ್ನಡದಲ್ಲಿ ಹೆಸರನ್ನು ಕಸೂತಿ ಹಾಕಲಿ. ಕೆಳಗೆ ಮಲಯಾಳದ ಹೆಸರೂ ತುಳುವಿನ ಹೆಸರೂ ಇರಲಿ. ಕಟ್ಟು ಹಾವಿನ ಕರಿಯ ಮೈಮೇಲಿನ ಬಿಳಿಯ ಪಟ್ಟೆಗಳು ತಲೆಯ ಬಳಿ ಕಾಣದೆ ಬಾಲದ ಕಡೆಗೆ ಎದ್ದು ತೋರುತ್ತವೆ. ಅದನ್ನೇ ಹೋಲುವ ನಿರ್ವಿಷಿ ತೋಳಹಾವಿನ ಪಟ್ಟೆಗಳು ತಲೆಯ ಹತ್ತಿರದಿಂದಲೇ ಮೊದಲಾಗುತ್ತವೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮರೆತುಹೋಗುವ ಈ ವ್ಯತ್ಯಾಸ, ಸೂಜಿ ಹಿಡಿದು ಒಮ್ಮೆ ಹೊಲಿದವರಿಗೆ ಮರೆಯಲಾರದು. ಹತ್ತು ಹಾವುಗಳೂ ಒಂದನೆಯ ತರಗತಿಯ ಕೋ‌ಣೆಯ ಬುಟ್ಟಿಯಲ್ಲಿರಲಿ. ಹಳೆ ವಿದ್ಯಾರ್ಥಿ ಸಂಘದವರು ಮಹೋತ್ಸವದ ನೆನಪಿಗೆ ಏನನ್ನಾದರೂ ಕೊಡಬೇಕೆಂದು ಕೇಳುತ್ತಿದ್ದಾರೆ. ಒಂದು ಹೊಲಿಗೆಯಂತ್ರ ಕೊಡಲಿ ಎಂದು ನನ್ನ ಸೂಚನೆ.

ಪೇಟೆಯಿಂದಲೇ ಕೊಳ್ಳುವವರಿಗೆ ಎರಡು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಅದನ್ನು ನೋಡಿ ಕೊಳ್ಳಿರಿ. ಎಳೆಯ ಮಕ್ಕಳಿರುವ ಮನೆಯಲ್ಲಿ ಕಣ್ಣು ಗುಂಡಿಯದಾಗಿರದೆ ದಾರದಲ್ಲಿ ಹೊಲಿದದ್ದಾಗಿರಲಿ. ಗುಂಡಿ ಕಿತ್ತು ಗಂಟಲಿಗೆ ಹೋಗುವ ಅಪಾಯ ನಿಜವಾದ ಹಾವಿನ ಅಪಾಯಕ್ಕಿಂತ ಹತ್ತಿರದ್ದು. ಮಲಗುವಾಗ ಕೊರಳಿಗೆ ಸುತ್ತಿಕೊಳ್ಳಲು ಬಿಡಬಾರದು. ನಮ್ಮ ಮಳೆಗಾಲದಲ್ಲಿ ತೊಳೆದದ್ದು ಒಳಗಿನವರೆಗೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಮೇ ತಿಂಗಳೊಳಗೆ ತೊಳೆದುಬಿಡುವುದು ಉತ್ತಮ.

ಮನೆಯಲ್ಲಿಯೇ ಹೊಲಿಯುವವರು ಮೊದಲು ಕೇರೆಯನ್ನು ಹೊಲಿಯಿರಿ. ಕಂದು ಬಣ್ಣದ ಹಳೆಯ ಸೀರೆಯೊಂದಿದ್ದರೆ ಸಾಕು, ಬಣ್ಣದ ಕೆಲಸ ಕಡಿಮೆ. ಇಲಿಗಳನ್ನು ತಿಂದು ನಮಗೆ ಉಪಕಾರ ಮಾಡಿಯೂ ನಾಗರವೆಂಬ ತಪ್ಪು ತಿಳಿವಳಿಕೆಯಿಂದ ಪೆಟ್ಟು ತಿನ್ನುವ ಪಾಪದ ಪ್ರಾಣಿ ಅದು. ಕೊಳಕುಮಂಡಲದ ಬೆನ್ನಿನ ಮೂರು ಸಾಲು ಚುಕ್ಕೆಗಳನ್ನು ಹೊಲಿಯಲು ತಾಳ್ಮೆ ಬೇಕು. ಅದನ್ನು ಏಳನೆಯ ತರಗತಿಯವರಿಗೆ ಬಿಡಬಹುದು.